ಪೀಣ್ಯದ ಅಂತರ್ಜಲಕ್ಕೆ ಸಾಕ್ಷಿ ನುಡಿಯುವವರಾರು?

ಬೆಂಗಳೂರಿನ ಬೆಳ್ಳಂದೂರು ಕೆರೆ 2015ರ ಮೇ ತಿಂಗಳಲ್ಲಿ ಹೊತ್ತಿ ಉರಿದಾಗ ನಾಡೆಲ್ಲ ಬೆಚ್ಚಿಬಿದ್ದಿತು. ನೊರೆ ರಸ್ತೆಗೆ ಹಾರಿತು, ಹೊಗೆ ಆಕಾಶಕ್ಕೇರಿತು, ಅದರ ಚಿತ್ರಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಅಚ್ಚಾದವು. ಕಣ್ಣಿಗೆ ಕಾಣುವ ಕೇಡಿಗೆ ಸರ್ಕಾರವೂ ನ್ಯಾಯಪೀಠಗಳೂ ಕಿವಿಗೊಡಲೇಬೇಕಾಯಿತು. ಅದೇ ನಗರದ ವಾಯವ್ಯ ಅಂಚಿನ ಪೀಣ್ಯದಲ್ಲಿ ಇನ್ನೊಂದು ಕೇಡು ದಶಕಗಳಿಂದ ನಡೆದುಬಂದಿದೆ. ಅದಕ್ಕೆ ಹೊಗೆಯಿಲ್ಲ, ನೊರೆಯಿಲ್ಲ, ವಾಸನೆಯೂ ಇಲ್ಲ. ನೆಲದಡಿಯ ಬಂಡೆಯ ಬಿರುಕುಗಳಲ್ಲಿ ಅದು ಸದ್ದಿಲ್ಲದೆ ಹರಡುತ್ತದೆ. ಅದನ್ನು ತೋರಿಸಬಲ್ಲ ಸಾಕ್ಷಿ ಒಂದೇ: ಸರಿಯಾದ ಜಾಗದಿಂದ, ಸರಿಯಾದ ಕ್ರಮದಲ್ಲಿ, ಮತ್ತೆ ಮತ್ತೆ ತೆಗೆದ ನೀರಿನ ಮಾದರಿ. ಆ ಸಾಕ್ಷಿಯನ್ನು ಸಿದ್ಧಪಡಿಸುವ ಹೊಣೆಯನ್ನು ಯಾರೂ ಪೂರ್ಣವಾಗಿ ಹೊತ್ತಿಲ್ಲ ಎಂಬುದೇ ಪೀಣ್ಯದ ದುರಂತ.

ಮಲೆನಾಡಿನ ಹಳ್ಳಿಗರಿಗೆ ಪೀಣ್ಯದ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ನಗರವು ತನ್ನ ಕಾಲಡಿಯ ನೀರನ್ನು ಕೆಡಿಸಿಕೊಂಡಷ್ಟೂ ದೂರದ ನೀರಿನ ಮೇಲೆ ಅದರ ಕಣ್ಣು ಬೀಳುತ್ತದೆ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿಯ ನೀರು 1974ರಲ್ಲಿ ಮೊದಲ ಬಾರಿಗೆ ಬೆಂಗಳೂರಿಗೆ ಬಂತು. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರುವ ಏರ್ಪಾಡಾಯಿತು. ಅದೂ ಸಾಲದೆಂದು ಶರಾವತಿಯನ್ನು ಲಿಂಗನಮಕ್ಕಿಯಿಂದ ರಾಜಧಾನಿಗೆ ಒಯ್ಯುವ ಪ್ರಸ್ತಾಪ ಎದ್ದಾಗ, 2019ರಲ್ಲಿ ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದು ಪ್ರತಿಭಟಿಸಿದರು. ಪೀಣ್ಯದಲ್ಲಿ ಬಳಕೆಗೆ ಬಾರದಂತಾಗುವ ಪ್ರತಿಯೊಂದು ಕೊಳವೆಬಾವಿಯೂ ಮಲೆನಾಡಿನ ಹೊಳೆಗಳ ಮೇಲೆ ಹೊರಿಸುವ ಹೊಸ ಬೇಡಿಕೆಯೇ ಆಗಿದೆ.

ಹೊಳಪಿನ ಹಿಂದಿನ ವಿಷ

ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದಲ್ಲಿ. ಇಂದು ಅಲ್ಲಿ ಸಾವಿರಾರು ಸಣ್ಣ ಘಟಕಗಳಿವೆ: ಯಂತ್ರದ ಬಿಡಿಭಾಗ ಮಾಡುವವು, ಸಿದ್ಧ ಉಡುಪು ಹೊಲಿಯುವವು, ಬಣ್ಣ ಹಾಕುವವು, ಲೋಹಕ್ಕೆ ಲೋಹದ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು. ನಲ್ಲಿಯ ಹೊಳಪು, ದ್ವಿಚಕ್ರ ವಾಹನದ ಹಿಡಿಕೆಯ ಹೊಳಪು ಹುಟ್ಟುವುದು ಇಂಥ ಘಟಕಗಳ ಕ್ರೋಮಿಕ್ ಆಮ್ಲದ ತೊಟ್ಟಿಗಳಲ್ಲಿ. ತೊಟ್ಟಿ ಸೋರಿದರೆ, ತೊಳೆದ ನೀರನ್ನು ಸಂಸ್ಕರಿಸದೆ ಚರಂಡಿಗೆ ಬಿಟ್ಟರೆ, ಕೆಸರನ್ನು ಹಿತ್ತಲಿಗೆ ಸುರಿದರೆ ಅದರೊಳಗಿನ ಕ್ರೋಮಿಯಂ ಮಣ್ಣಿಗಿಳಿಯುತ್ತದೆ. ಪೀಣ್ಯದ ಕೊಳವೆಬಾವಿಗಳಲ್ಲಿ ಕ್ರೋಮಿಯಂ ಮಿತಿಮೀರಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗಾಳಿ, ಮೇಲ್ಮೈ ನೀರು, ಅಂತರ್ಜಲ ಮೂರನ್ನೂ ಸೇರಿಸಿ ಲೆಕ್ಕಹಾಕುವ ಸಮಗ್ರ ಮಾಲಿನ್ಯ ಸೂಚ್ಯಂಕದಲ್ಲಿ ಪೀಣ್ಯ 2009ರಲ್ಲಿ 65.11 ಅಂಕ ಪಡೆದು 'ತೀವ್ರ ಕಲುಷಿತ' ವರ್ಗದಲ್ಲಿತ್ತು. 2018ರ ಮೌಲ್ಯಮಾಪನದಲ್ಲಿ ಅದು 78.12ಕ್ಕೇರಿ, 70ರ ಗೆರೆ ದಾಟಿ, 'ಅತಿ ಗಂಭೀರ ಕಲುಷಿತ' ವರ್ಗಕ್ಕೆ ಸೇರಿತು.

ಕ್ರೋಮಿಯಂ ಎರಡು ಮುಖದ ಲೋಹ. ಮೂರು ವೇಲೆನ್ಸಿಯ ಕ್ರೋಮಿಯಂ ಮಣ್ಣಿನಲ್ಲಿ ಸುಲಭವಾಗಿ ಕರಗದೆ ನಿಂತಲ್ಲೇ ನಿಲ್ಲುತ್ತದೆ. ಅದರ ವಿಷಗುಣವೂ ಕಡಿಮೆ. ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ, ಹಾಗಲ್ಲ. ಅದು ನೀರಿನಲ್ಲಿ ಋಣ ವಿದ್ಯುದಂಶವುಳ್ಳ ಕ್ರೋಮೇಟ್ ಆಗಿ ಕರಗಿರುತ್ತದೆ. ಜೇಡಿಮಣ್ಣಿನ ಕಣಗಳ ಮೇಲೂ ಹೆಚ್ಚಾಗಿ ಋಣ ವಿದ್ಯುದಂಶವೇ ಇರುವುದರಿಂದ ಅವು ಇದನ್ನು ಹಿಡಿದಿಡಲಾರವು. ಗೊಬ್ಬರದ ನೈಟ್ರೇಟ್ ಮಳೆಯಲ್ಲಿ ತೊಳೆದುಹೋಗುವುದನ್ನು ಬಲ್ಲ ಬೇಸಾಯಗಾರರಿಗೆ ಈ ಮಾತು ಕೂಡಲೇ ಅರ್ಥವಾದೀತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೆಕ್ಸಾವೇಲೆಂಟ್ ಕ್ರೋಮಿಯಂ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇರಿಸಿದೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದಂತೆ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲವೆಂಬ ಕಾರಣಕ್ಕೂ ಇದರಲ್ಲಿ ಸಡಿಲಿಕೆಯಿಲ್ಲ. ಸಾವಿರ ಲೀಟರಿನ ತೊಟ್ಟಿಯೊಂದರಲ್ಲಿ 50 ಮಿಲಿಗ್ರಾಂ ಎಂದರೆ ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ನೀರು ಹಳದಿಯಾಗಿ ಕಾಣುವುದು ಈ ಮಿತಿಯನ್ನು ಹಲವು ಪಟ್ಟು ಮೀರಿದ ಮೇಲೆಯೇ. ಕುದಿಸಿದರೆ ಅದು ಹೋಗುವುದೂ ಇಲ್ಲ. ಆದ್ದರಿಂದ 'ನೀರು ತಿಳಿಯಾಗಿದೆ' ಎಂಬ ಮಾತಿಗೆ ಪೀಣ್ಯದಲ್ಲಿ ಅರ್ಥವಿಲ್ಲ.

ಬಾಟಲಿ ತುಂಬಿದ ಮಾತ್ರಕ್ಕೆ ಮಾದರಿಯಾಗದು

ಅಡಿಕೆ ತೋಟದ ಮಣ್ಣು ಪರೀಕ್ಷೆಗೆ ಗೊಬ್ಬರದ ಗುಂಡಿಯ ಪಕ್ಕದ ಮಣ್ಣನ್ನು ಯಾರೂ ಒಯ್ಯುವುದಿಲ್ಲ. ತೋಟದ ಹತ್ತಾರು ಕಡೆ 'ವಿ' ಆಕಾರದ ಗುಣಿ ತೋಡಿ, ಸಮ ಆಳದ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಪಾಲುಗಳನ್ನು ಉಳಿಸಿಕೊಳ್ಳುವುದು ಕ್ರಮ. ಮಾದರಿ ತಪ್ಪಿದರೆ ಪ್ರಯೋಗಾಲಯದ ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಉತ್ತರ ತಪ್ಪೇ. ಅಂತರ್ಜಲದ ವಿಷಯದಲ್ಲಿ ಈ ನಿಯಮ ಇನ್ನೂ ಕಠಿಣ.

ಮೊದಲನೆಯದು ಜಾಗ. ಬೆಂಗಳೂರಿನ ನೆಲದಡಿ ಇರುವುದು ಪುರಾತನ ನೈಸ್ ಶಿಲೆ. ಮೇಲೆ ಕೆಂಪುಮಣ್ಣು, ಅದರಡಿ ಶಿಥಿಲ ಶಿಲೆ, ಅದರಡಿ ಬಿರುಕುಗಳುಳ್ಳ ಗಟ್ಟಿ ಬಂಡೆ. ನೂರಾರು ಅಡಿ ಇಳಿದ ಕೊಳವೆಬಾವಿ ಹಲವು ಬಿರುಕುಗಳ ನೀರನ್ನು ಒಟ್ಟಿಗೆ ಮೇಲೆತ್ತುತ್ತದೆ. ಒಂದು ಬಿರುಕಿನಲ್ಲಿ ವಿಷವಿದ್ದು ಉಳಿದವು ಶುದ್ಧವಾಗಿದ್ದರೆ ಬೆರೆತ ನೀರಿನಲ್ಲಿ ಅದು ತೆಳುವಾಗಿ, ವರದಿ 'ಮಿತಿಯೊಳಗಿದೆ' ಎನ್ನಬಹುದು. ಆದ್ದರಿಂದಲೇ ಕಲುಷಿತವೆಂದು ಶಂಕಿಸಿದ ನಿವೇಶನದಲ್ಲಿ ಬಳಕೆಯ ಬಾವಿಗಳನ್ನೇ ನೆಚ್ಚದೆ, ಗೊತ್ತುಪಡಿಸಿದ ಒಂದು ಆಳದ ನೀರಷ್ಟೇ ಒಳಬರುವಂತೆ ಜಾಲರಿ ಕೊಳವೆ ಇಳಿಸಿದ ಪ್ರತ್ಯೇಕ ವೀಕ್ಷಣಾ ಬಾವಿಗಳನ್ನು ತೋಡಬೇಕಾಗುತ್ತದೆ. ಒಂದು ಬಾವಿ ಸಾಲದು. ತ್ರಿಕೋನಾಕಾರದಲ್ಲಿ ಕನಿಷ್ಠ ಮೂರು ಬಾವಿಗಳಿದ್ದು ಅವುಗಳ ನೀರಿನ ಮಟ್ಟವನ್ನು ಸಮುದ್ರಮಟ್ಟಕ್ಕೆ ಹೋಲಿಸಿ ಅಳೆದರೆ ಮಾತ್ರ ನೀರು ಯಾವ ಕಡೆಗೆ ಸಾಗುತ್ತಿದೆ ಎಂಬ ಮೊದಲ ಅಂದಾಜು ಸಿಗುತ್ತದೆ. ಮೂಲದ ಮೇಲ್ಬದಿಯಲ್ಲಿ ಒಂದು, ಕೆಳಬದಿಯಲ್ಲಿ ಎರಡು ಇದ್ದಾಗ ಬಂದ ನೀರು ಹೇಗಿತ್ತು, ಹೋಗುವ ನೀರು ಹೇಗಿದೆ ಎಂದು ಹೋಲಿಸಬಹುದು. ಗಟ್ಟಿ ಬಂಡೆಯ ನೆಲದಲ್ಲಿ ನೀರು ಬಿರುಕಿನ ದಾರಿ ಹಿಡಿಯುವುದರಿಂದ ಇನ್ನೂ ಹೆಚ್ಚಿನ ಬಾವಿಗಳೇ ಬೇಕು.

ಎರಡನೆಯದು ಕ್ರಮ. ಬಾವಿಯೊಳಗೆ ನಿಂತ ನೀರು ಜಲಸ್ತರದ ನೀರಲ್ಲ. ಗಾಳಿಗೆ ತೆರೆದುಕೊಂಡು, ಕೊಳವೆಗೆ ತಾಗಿ ಅದರ ಗುಣ ಬದಲಾಗಿರುತ್ತದೆ. ಅದನ್ನು ಹೊರಹಾಕಿ, ಹೊಸ ನೀರು ಬರುವಂತೆ ಮಾಡಿದ ಮೇಲೆಯೇ ಮಾದರಿ ತೆಗೆಯಬೇಕು. ಬಾವಿಯಲ್ಲಿನ ನೀರಿನ ಮೂರು ಪಟ್ಟು ಹೊರಹಾಕುವುದು ಹಳೆಯ ರೂಢಿ. 10 ಸೆಂಟಿಮೀಟರ್ ವ್ಯಾಸದ ವೀಕ್ಷಣಾ ಬಾವಿಯಲ್ಲಿ 10 ಮೀಟರ್ ನೀರು ನಿಂತಿದ್ದರೆ ಅದು ಸುಮಾರು 78 ಲೀಟರ್. ಮೂರು ಪಟ್ಟು ಎಂದರೆ ಸುಮಾರು 235 ಲೀಟರ್. ಈಚಿನ ಕ್ರಮದಲ್ಲಿ ಸಣ್ಣ ಪಂಪಿನಿಂದ ನಿಧಾನವಾಗಿ ನೀರೆಳೆಯುತ್ತ, ಆಮ್ಲೀಯತೆ, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕದ ಅಳತೆಗಳು ಒಂದು ಸ್ಥಿತಿಗೆ ಬಂದು ನಿಂತ ಬಳಿಕ ಬಾಟಲಿ ತುಂಬುತ್ತಾರೆ. ಹೊರಹಾಕಿದ ನೀರೂ ವಿಷವಾಗಿರಬಹುದಾದ್ದರಿಂದ ಅದನ್ನು ಚರಂಡಿಗೆ ಚೆಲ್ಲುವಂತಿಲ್ಲ.

ಮೂರನೆಯದು ಜೋಪಾನ. ಒಟ್ಟು ಲೋಹಗಳ ಪರೀಕ್ಷೆಗೆ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕುವುದು ಸರಿಯಾದ ಕ್ರಮ. ಹೆಕ್ಸಾವೇಲೆಂಟ್ ಕ್ರೋಮಿಯಂ ಪರೀಕ್ಷೆಗೂ ಅದೇ ಬಾಟಲಿಯನ್ನು ಬಳಸಿದರೆ ಆಮ್ಲದಲ್ಲಿ ಅದು ಮೂರು ವೇಲೆನ್ಸಿಗೆ ಇಳಿದು, 'ಪತ್ತೆಯಾಗಿಲ್ಲ' ಎಂಬ ವರದಿ ಬರಬಹುದು. ಅದಕ್ಕೆ ಬೇರೆ ಬಾಟಲಿ ಬೇಕು, ಸ್ಥಳದಲ್ಲೇ ಸೋಸಿ ಮಂಜುಗಡ್ಡೆಯಲ್ಲಿಡಬೇಕು, ವಿಶೇಷ ಸಂರಕ್ಷಕ ದ್ರಾವಣವಿಲ್ಲದಿದ್ದರೆ 24 ಗಂಟೆಯೊಳಗೆ ಪರೀಕ್ಷಿಸಬೇಕು. ಲೇಪನಕ್ಕೆ ಮುನ್ನ ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು ಗಾಳಿಗೆ ಹಾರಿಹೋಗುತ್ತವೆ. ಅವುಗಳ ಮಾದರಿಯ ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಯಾವ ಬಾಟಲಿಯನ್ನು ಯಾರು, ಎಲ್ಲಿ, ಯಾವ ಹೊತ್ತಿಗೆ ತುಂಬಿದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆಯೂ, ಜೊತೆಗೊಂದು ಶುದ್ಧ ನೀರಿನ ಬಾಟಲಿಯೂ, ಒಂದು ಜೋಡಿ ಮಾದರಿಯೂ ಇದ್ದಾಗಲೇ ಆ ವರದಿ ವಾದಕ್ಕೆ ನಿಲ್ಲುತ್ತದೆ.

ನಾಲ್ಕನೆಯದು ಕಾಲ. ಒಂದು ದಿನದ ಮಾದರಿ ಒಂದು ಛಾಯಾಚಿತ್ರ ಮಾತ್ರ. ಮುಂಗಾರಿಗೆ ಮುನ್ನ ಒಂದು, ಮಳೆಗಾಲದ ಬಳಿಕ ಒಂದು, ಹೀಗೆ ವರ್ಷಾನುವರ್ಷ ಅದೇ ಬಾವಿಗಳಿಂದ ತೆಗೆದರೆ ಮಾತ್ರ ವಿಷ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯು ದೇಶದ ಸಾವಿರಾರು ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಅದು ಮೆಚ್ಚಬೇಕಾದ ಕೆಲಸ. ಆದರೆ ಆ ಜಾಲ ಹೆಣೆದದ್ದು ಪ್ರದೇಶದ ಸ್ಥೂಲಚಿತ್ರಕ್ಕೆ. ಒಂದು ಕಾರ್ಖಾನೆಯ ಹಿತ್ತಲಿನಿಂದ ಹೊರಟ ವಿಷದ ಜಾಡು ಅಷ್ಟು ದೊಡ್ಡ ಕಣ್ಣಿನ ಬಲೆಗೆ ಬೀಳುವುದಿಲ್ಲ.

ಎರಡು ಆಕ್ಷೇಪಗಳು

ಪೀಣ್ಯದ ಮಾತು ಬಂದಾಗಲೆಲ್ಲ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಕಾವೇರಿ ನೀರು ಬರುತ್ತಿರುವಾಗ ಕೊಳವೆಬಾವಿಯ ನೀರನ್ನು ಕುಡಿಯುವವರಾರು ಎಂಬುದು ಮೊದಲನೆಯದು. 2024ರ ಬೇಸಿಗೆ ಇದಕ್ಕೆ ಉತ್ತರ ಕೊಟ್ಟಿತು. ಆ ಮಾರ್ಚ್‌ನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಜನ ಟ್ಯಾಂಕರ್ ನೀರಿಗೆ ಕೈಚಾಚಿದರು. ಯಾವ ಬಾವಿಯ ನೀರೆಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಾಡಿಗೆ ಕೋಣೆಗಳಲ್ಲಿ ಇರುವ ಕಾರ್ಮಿಕನಿಗೆ ನೀರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಂದೂ ಇರಲಿಲ್ಲ. ಮೇಲಾಗಿ ವಿಷ ಕೈಗಾರಿಕಾ ಪ್ರದೇಶದ ಬೇಲಿಯೊಳಗೇ ನಿಲ್ಲುವುದಿಲ್ಲ. ಪೀಣ್ಯದ ಕಡೆಯ ನೀರನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಗೆ ಇಳಿಯುತ್ತದೆ, ಅಲ್ಲಿಯ ಅಚ್ಚುಕಟ್ಟಿನ ಹೊಲಗಳಿಗೆ ಹರಿಯುತ್ತದೆ, ಅರ್ಕಾವತಿಯನ್ನು ಕೂಡಿ ಕೊನೆಗೆ ಸಂಗಮದಲ್ಲಿ ಅದೇ ಕಾವೇರಿಯನ್ನು ಸೇರುತ್ತದೆ. ಬೆಟ್ಟದಿಂದ ಶುದ್ಧವಾಗಿ ಹೊರಟ ನದಿಗೆ ನಗರವು ಹಿಂದಿರುಗಿಸುವ ಕೊಡುಗೆ ಇದು.

ಬಿಗಿ ಮಾಡಿದರೆ ಸಣ್ಣ ಕೈಗಾರಿಕೆಗಳು ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ಎರಡನೆಯದು. ಈ ಆತಂಕವನ್ನು ಹಗುರವಾಗಿ ಕಾಣಬಾರದು. ಮಲೆನಾಡಿನಿಂದ ಕೆಲಸ ಅರಸಿ ಹೋದವರೂ ಆ ಶೆಡ್‌ಗಳಲ್ಲಿ ದುಡಿಯುತ್ತಿದ್ದಾರೆ. ಆದರೆ ಸರಿಯಾದ ಮಾಪನ ಪ್ರಾಮಾಣಿಕ ಉದ್ಯಮಿಯ ಶತ್ರುವಲ್ಲ, ಮಿತ್ರ. ಯಾವ ಘಟಕದಿಂದ ಸೋರಿಕೆ ಎಂಬುದು ಗೊತ್ತಿಲ್ಲದಾಗ ಎಲ್ಲರ ಮೇಲೂ ಶಂಕೆ ಬೀಳುತ್ತದೆ. ಶುದ್ಧವಾಗಿ ನಡೆಸುವವನು ಖರ್ಚು ಹೊತ್ತು ಸೋಲುತ್ತಾನೆ, ಕದ್ದು ಸುರಿಯುವವನು ಅಗ್ಗದಲ್ಲಿ ಮಾರಿ ಗೆಲ್ಲುತ್ತಾನೆ. ಅಲಂಕಾರಿಕ ಲೇಪನಕ್ಕೆ ಮೂರು ವೇಲೆನ್ಸಿಯ ಕ್ರೋಮಿಯಂ ಬಳಸುವ ವಿಧಾನ ಇಂದು ಲಭ್ಯವಿದೆ. ಅದಕ್ಕೆ ಸಾಲ, ತರಬೇತಿ, ಸಾಮೂಹಿಕ ಸಂಸ್ಕರಣೆಯ ನೆರವು ಕೊಡುವುದು ಸರ್ಕಾರದ ಕೆಲಸ.

ತಡಮಾಡಿದರೆ ಏನಾಗುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನ ರಾಣಿಪೇಟೆ ಸಾಕ್ಷಿ. ಅಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಕಾರ್ಖಾನೆಯೊಂದು 1990ರ ದಶಕದಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಲಕ್ಷಕ್ಕೂ ಮಿಕ್ಕಿದ ಟನ್ ತ್ಯಾಜ್ಯದ ರಾಶಿ ದಶಕಗಳ ಕಾಲ ಮಳೆಗೆ ಕರಗಿ ಅಂತರ್ಜಲಕ್ಕೆ ಇಳಿಯಿತು. ಕ್ಯಾಲಿಫೋರ್ನಿಯದ ಹಿಂಕ್ಲಿ ಎಂಬ ಊರಿನಲ್ಲಿ 1952ರಿಂದ 1966ರವರೆಗೆ ಅನಿಲ ಕಂಪನಿಯೊಂದು ಸುರಿದ ಕ್ರೋಮಿಯಂ ನೀರಿನ ಪ್ರಕರಣ 1996ರಲ್ಲಿ 33.3 ಕೋಟಿ ಡಾಲರ್ ಪರಿಹಾರದಲ್ಲಿ ಮುಗಿಯಿತು. ನೆಲದಡಿಯ ಕೆಲಸ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ನೂರಾರು ವೀಕ್ಷಣಾ ಬಾವಿಗಳಿಂದ ಅಳೆಯುತ್ತ ಶುದ್ಧೀಕರಣ ದಶಕಗಳ ಕಾಲ ಮುಂದುವರಿಯಿತು. ಹದಿನಾಲ್ಕು ವರ್ಷಗಳ ಅಜಾಗ್ರತೆಗೆ ಎರಡು ತಲೆಮಾರುಗಳು ದಂಡ ತೆರುತ್ತಿವೆ.

ಕಾಯಿದೆ ಇದೆ, ಕೇಳುವವರು ಬೇಕು

ಕಾಯಿದೆಯ ಕೊರತೆ ಇಲ್ಲ. 1974ರ ಜಲ ಕಾಯಿದೆಯು ನೆಲದಡಿಯ ನೀರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ 21ನೆಯ ವಿಧಿಯು ಬಾವಿಗಳಿಂದಲೂ ಕಾರ್ಖಾನೆಯ ತ್ಯಾಜ್ಯದಿಂದಲೂ ಮಾದರಿ ತೆಗೆಯುವ ಅಧಿಕಾರವನ್ನು ರಾಜ್ಯ ಮಂಡಳಿಗೆ ಕೊಟ್ಟಿದೆ. ರಾಜಸ್ಥಾನದ ಬಿಛಡಿ ಗ್ರಾಮದ ಬಾವಿಗಳು ರಾಸಾಯನಿಕ ಕಾರ್ಖಾನೆಗಳಿಂದ ಕೆಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿಯೇ, ಕೆಡಿಸಿದವನೇ ಶುದ್ಧೀಕರಣದ ವೆಚ್ಚ ಭರಿಸಬೇಕೆಂದು ತೀರ್ಪಿತ್ತಿತು. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿದೆ. ಅದರಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತವು ತಾನಾಗಿಯೇ ಇಲ್ಲವೆ ಸಾರ್ವಜನಿಕರ ದೂರಿನ ಮೇಲೆ ಶಂಕಿತ ನಿವೇಶನಗಳನ್ನು ಪಟ್ಟಿಮಾಡಬೇಕು. ರಾಜ್ಯ ಮಂಡಳಿ 90 ದಿನಗಳೊಳಗೆ ಪ್ರಾಥಮಿಕ ಪರಿಶೀಲನೆಯನ್ನೂ, ಅನಂತರದ ಮೂರು ತಿಂಗಳಲ್ಲಿ ವಿವರವಾದ ಪರಿಶೀಲನೆಯನ್ನೂ ಮಾಡಬೇಕು. ಕಲುಷಿತವೆಂದು ದೃಢಪಟ್ಟರೆ ಅದನ್ನು ಬಹಿರಂಗಪಡಿಸಿ, ಹೊಣೆಗಾರರನ್ನು ಗುರುತಿಸಿ, ಅವರಿಂದಲೇ ವೆಚ್ಚ ವಸೂಲು ಮಾಡಬೇಕು.

ಸಾರ್ವಜನಿಕರ ದೂರು ಎಂಬ ಆ ಎರಡು ಪದಗಳೇ ಈ ನಿಯಮಗಳ ಜೀವ. ದೂರು ಬಾರದಿದ್ದರೆ ಕಡತ ತೆರೆಯುವುದು ಅಪರೂಪ. ತೆರೆದರೂ ಮೇಲೆ ಹೇಳಿದ ಕ್ರಮದಲ್ಲಿ ಮಾದರಿ ತೆಗೆಯದಿದ್ದರೆ ಅದು 'ಏನೂ ಇಲ್ಲ' ಎಂಬ ಷರಾದೊಂದಿಗೆ ಮುಚ್ಚುತ್ತದೆ. ತಪ್ಪು ಮಾದರಿ ಮಾದರಿಯೇ ಇಲ್ಲದ್ದಕ್ಕಿಂತ ಹೆಚ್ಚು ಅಪಾಯಕರ; ಅದು ಅಜ್ಞಾನಕ್ಕೆ ಸರ್ಕಾರಿ ಮೊಹರು ಹಾಕಿಕೊಡುತ್ತದೆ.

ಆದ್ದರಿಂದ ಪೀಣ್ಯದಲ್ಲಿ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಒಂದು, ಕೈಗಾರಿಕಾ ಪ್ರದೇಶದ ಒಳಗೂ ಅದರ ಕೆಳಬದಿಯ ಬಡಾವಣೆಗಳಲ್ಲೂ ಶಾಶ್ವತ ವೀಕ್ಷಣಾ ಬಾವಿಗಳ ಜಾಲ. ಎರಡು, ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಾದರಿ. ಪ್ರತಿ ಮಾದರಿಯ ಒಂದು ಪಾಲು ಮಂಡಳಿಯ ಪ್ರಯೋಗಾಲಯಕ್ಕೆ, ಇನ್ನೊಂದು ಪಾಲು ವಿಶ್ವವಿದ್ಯಾಲಯದಂಥ ಸ್ವತಂತ್ರ ಪ್ರಯೋಗಾಲಯಕ್ಕೆ. ಮೂರು, ಫಲಿತಾಂಶವನ್ನು ಬಾವಿಯ ಸ್ಥಳ, ಆಳ, ದಿನಾಂಕಗಳೊಂದಿಗೆ ಕನ್ನಡದಲ್ಲಿ ಪ್ರಕಟಿಸುವುದು. ನಾಲ್ಕು, ಹಳೆಯ ಕಾರ್ಖಾನೆಯ ಜಾಗದಲ್ಲಿ ಮಳಿಗೆ, ಗೋದಾಮು, ವಸತಿ ಸಮುಚ್ಚಯ ಏಳುವ ಮುನ್ನ ಮಣ್ಣು ಮತ್ತು ಅಂತರ್ಜಲದ ಪರೀಕ್ಷೆಯನ್ನು ಕಡ್ಡಾಯಗೊಳಿಸುವುದು. ನಿವೇಶನ ಕೊಳ್ಳುವವರು ಹಲವು ವರ್ಷಗಳ ಋಣಭಾರ ಪ್ರಮಾಣಪತ್ರ ಕೇಳುತ್ತಾರೆ. ಆ ಮಣ್ಣಿನ ಮೇಲೆ ಯಾವ ವಿಷದ ಋಣವಿದೆ ಎಂದು ಕೇಳುವ ಪದ್ಧತಿ ಇನ್ನೂ ಹುಟ್ಟಿಲ್ಲ.

ಮಲೆನಾಡಿಗೂ ಇದರಲ್ಲಿ ಒಂದು ಪಾಠವಿದೆ. ಕಾರ್ಖಾನೆಗಳು ಬರುವ ಮುನ್ನ ಪೀಣ್ಯದ ಬಾವಿಗಳ ನೀರು ಹೇಗಿತ್ತೆಂದು ಅಂದೇ ಅಳೆದಿಟ್ಟಿದ್ದರೆ ಇಂದಿನ ವಾದಗಳಲ್ಲಿ ಅರ್ಧ ತಾವಾಗಿ ಮುಗಿಯುತ್ತಿದ್ದವು. ಬೆಟ್ಟದ ಊರುಗಳಲ್ಲೂ ಪೆಟ್ರೋಲ್ ಬಂಕುಗಳು, ವಾಹನ ದುರಸ್ತಿ ಶೆಡ್ಡುಗಳು, ಕಾಫಿ ಪಲ್ಪಿಂಗ್ ಘಟಕಗಳು, ರೆಸಾರ್ಟುಗಳು ಹೆಚ್ಚುತ್ತಿವೆ. ಅವುಗಳ ಸುತ್ತಲಿನ ತೆರೆದ ಬಾವಿ, ಒರತೆ, ಹಳ್ಳಗಳ ನೀರು ಇಂದು ಹೇಗಿದೆ ಎಂಬ ದಾಖಲೆ ಎಷ್ಟು ಪಂಚಾಯಿತಿಗಳಲ್ಲಿದೆ? ವಿಜ್ಞಾನ ಓದುವ ವಿದ್ಯಾರ್ಥಿಗಳು ಆಮ್ಲೀಯತೆ ಮತ್ತು ವಿದ್ಯುತ್ ವಾಹಕತೆ ಅಳೆಯುವ ಸಣ್ಣ ಉಪಕರಣ ಹಿಡಿದು, ಊರಿನ ಹತ್ತು ಬಾವಿಗಳ ನೀರನ್ನೂ ಮಟ್ಟವನ್ನೂ ಮುಂಗಾರಿನ ಮುನ್ನ, ಮುಂಗಾರಿನ ಬಳಿಕ ಬರೆದಿಟ್ಟರೆ ಸಾಕು. ಹತ್ತು ವರ್ಷಗಳಲ್ಲಿ ಅದು ಊರಿನ ಆಸ್ತಿಪತ್ರವಾದೀತು. ವಾಹಕತೆಯಲ್ಲಿ ಕಾರಣವಿಲ್ಲದ ಏರಿಕೆ ಕಂಡಾಗ ಮುಂದಿನ ಪರೀಕ್ಷೆಗೆ ಪಂಚಾಯಿತಿಯ ಮೂಲಕ ಬೇಡಿಕೆ ಸಲ್ಲಿಸಬಹುದು.

ನೆಲದಡಿಯ ನೀರಿಗೆ ಬಾಯಿಲ್ಲ. ಅದರ ಪರವಾಗಿ ನುಡಿಯುವ ಸಾಕ್ಷಿಯನ್ನು ಮನುಷ್ಯರೇ ಸಿದ್ಧಪಡಿಸಬೇಕು. ಪೀಣ್ಯ ಆ ಕೆಲಸವನ್ನು ತಡವಾಗಿಯಾದರೂ ಆರಂಭಿಸಲಿ, ಮಲೆನಾಡು ತಡಮಾಡದಿರಲಿ.